ಕಾಳುಮೆಣಸಿನ ರಾಣಿಯ ಪ್ರೇಮಕಥೆ: ರೊಮ್ಯಾನ್ಸ್ ಎಂಬ ಪದದ ಹಲವು ಅರ್ಥಗಳು

ರೊಮ್ಯಾನ್ಸ್ ಎಂಬ ಪದ ಇಂದಿನ ಕನ್ನಡದ ಬಳಕೆಯಲ್ಲಿ ಹೆಣ್ಣುಗಂಡಿನ ಒಲವಿಗೆ, ಅದರಲ್ಲೂ ಸಿನಿಮಾ ಕಲಿಸಿಕೊಟ್ಟ ಬಗೆಯ ಒಲವಿಗೆ, ಹೆಚ್ಚುಕಡಿಮೆ ಮೀಸಲಾಗಿಹೋಗಿದೆ. ಆದರೆ ಹುಟ್ಟಿದ ಕಾಲಕ್ಕೆ ಈ ಪದಕ್ಕೂ ಪ್ರೀತಿಗೂ ಯಾವ ನಂಟೂ ಇರಲಿಲ್ಲ. ರೋಮ್ ಸಾಮ್ರಾಜ್ಯ ಕುಸಿದ ಮೇಲೆ ಪಂಡಿತರ ಲ್ಯಾಟಿನ್ ಒಂದು ಕಡೆ ಉಳಿದು, ಜನರ ಬಾಯಲ್ಲಿ ಬದಲಾಗುತ್ತ ಬಂದ ಆಡುನುಡಿಗಳು ಇನ್ನೊಂದು ಕಡೆ ಬೆಳೆದಾಗ, ಆ ಆಡುನುಡಿಗೆ ಹಳೆಯ ಫ್ರಾನ್ಸಿನಲ್ಲಿ ಬಿದ್ದ ಹೆಸರು ಇದು; ಇಟಾಲಿಯನ್, ಪೋರ್ಚುಗೀಸ್, ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳನ್ನು ಭಾಷಾಶಾಸ್ತ್ರಜ್ಞರು ಈಗಲೂ ರೊಮಾನ್ಸ್ ಭಾಷೆಗಳೆಂದೇ ಕರೆಯುತ್ತಾರೆ. ಹನ್ನೆರಡನೆಯ ಶತಮಾನದ ಹೊತ್ತಿಗೆ ಆ ದೇಶಭಾಷೆಯಲ್ಲಿ ಬರೆದ ವೀರರ, ಪಯಣಗಳ, ಮಾಯಾವಿಗಳ ಕಥೆಗೇ ಭಾಷೆಯ ಹೆಸರು ಅಂಟಿಕೊಂಡಿತು. ಅಂಥ ಕಥೆಗಳನ್ನು ಓದಿ ತಲೆಕೆಡಿಸಿಕೊಂಡವನೊಬ್ಬನನ್ನು ನಾಯಕನನ್ನಾಗಿ ಮಾಡಿ ಸರ್ವಾಂಟಿಸ್ 'ಡಾನ್ ಕ್ವಿಕ್ಸೋಟ್' ಕಾದಂಬರಿಯ ಮೊದಲ ಭಾಗವನ್ನು 1605ರಲ್ಲಿ ಪ್ರಕಟಿಸಿದ; 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇಂಗ್ಲಿಷ್ ನಿಘಂಟನ್ನು ರಚಿಸುವಾಗ ಈ ಪದಕ್ಕೆ 'ಸುಳ್ಳು' ಎಂಬ ಅರ್ಥವನ್ನೂ ಸೇರಿಸಬೇಕಾಯಿತು. ಪ್ರೇಮಪ್ರಸಂಗ ಎಂಬ ಅರ್ಥ ಮೇಲುಗೈ ಪಡೆದದ್ದು ಇವೆಲ್ಲದರ ಬಳಿಕ.

ಹೀಗೆ ಭಾಷೆ, ಕಥೆ, ಕಟ್ಟುಕಥೆ, ಪ್ರೇಮ ಎಂಬ ನಾಲ್ಕು ಅರ್ಥಗಳು ಒಂದೇ ಪದದೊಳಗೆ ಒಂದರ ಮೇಲೊಂದು ಕೂತಿರುವುದು ಬರಿಯ ನಿಘಂಟಿನ ಕುತೂಹಲವಾಗಿದ್ದರೆ ಅದನ್ನು ಪಂಡಿತರಿಗೇ ಬಿಟ್ಟುಬಿಡಬಹುದಿತ್ತು. ಆದರೆ ಕಥೆಯನ್ನು ನಡೆದ ಸಂಗತಿಯೆಂದು ಎಣಿಸುವುದು, ರಾಜಕಾರಣವನ್ನು ಪ್ರೇಮವೆಂದು ಓದುವುದು, ಹಾಗೆ ಓದಿದ್ದನ್ನೇ ಚರಿತ್ರೆಯಾಗಿ ಮುಂದಿನವರಿಗೆ ದಾಟಿಸುವುದು ಎಂಬ ಕ್ರಿಯೆ ಈ ಅರ್ಥಗಳು ಬೆರೆತ ಕಡೆಯಲ್ಲೆಲ್ಲ ನಡೆಯುತ್ತದೆ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ಅದು ನಡೆದ ಬಗೆಯನ್ನು ಹತ್ತಿರದಿಂದ ನೋಡಬಹುದಾಗಿದೆ.

ಘಟ್ಟದಿಂದ ಧುಮುಕಿದ ಶರಾವತಿ ದೋಣಿಗೆ ದಾರಿಕೊಡುವಷ್ಟು ಶಾಂತವಾಗುವ ಕಡೆ ಗೇರುಸೊಪ್ಪೆ ಇದೆ, ಆ ಊರು ಬೆಳೆದದ್ದಕ್ಕೆ ಈ ಭೂಗೋಳವೇ ಕಾರಣ. ಘಟ್ಟದ ಮೇಲಿನ ಅಡಿಕೆ ತೋಟಗಳಲ್ಲಿ ಮರಕ್ಕೆ ಹಬ್ಬಿಸಿದ ಬಳ್ಳಿಯಿಂದ ಕರೆ ಕೊಯ್ದು, ಕಾಳು ಬಿಡಿಸಿ, ಅದು ಸುಕ್ಕುಗಟ್ಟಿ ಕಪ್ಪಾಗುವವರೆಗೆ ಬಿಸಿಲಿಗೆ ಒಣಗಿಸಿದ ಮೆಣಸು, ಹೇರೆತ್ತಿನ ಬೆನ್ನ ಮೇಲೆ ಘಟ್ಟವಿಳಿದು ಇಲ್ಲಿ ದೋಣಿ ಏರುತ್ತಿತ್ತು. ಹೊಳೆಯ ಇಳಿಮುಖದಲ್ಲಿ ಹೊನ್ನಾವರದ ಬಂದರು, ಅಲ್ಲಿಂದಾಚೆಗೆ ಅರಬರ ಮತ್ತು ಪೋರ್ಚುಗೀಸರ ಹಡಗುಗಳು. ಉತ್ತರಕ್ಕೆ ಅಘನಾಶಿನಿಯಲ್ಲೂ ಇದೇ ಬಗೆಯ ವ್ಯಾಪಾರವಿತ್ತು: ಕಾಗಾಲ, ತದಡಿಗಳ ನಡುವಿನ ಅಳಿವೆಯನ್ನು ಹಾಯ್ದು ಒಳಬಂದ ಹಡಗುಗಳಿಗೆ ಮಿರ್ಜಾನಿನ ಕೋಟೆಯ ಆಸರೆ ಸಿಗುತ್ತಿತ್ತು. ಆ ಕೋಟೆಯನ್ನು ಗೇರುಸೊಪ್ಪೆಯ ರಾಣಿಯೇ ಕಟ್ಟಿಸಿದಳೆಂಬುದು ಕುಮಟಾ ಸೀಮೆಯಲ್ಲಿ ಬಲವಾಗಿ ಬೇರೂರಿರುವ ನಂಬಿಕೆ. ಆ ರಾಣಿ ಸಾಳುವ ಮನೆತನದ ಜೈನ ಅರಸಿ ಚೆನ್ನಭೈರಾದೇವಿ. ಆಕೆಯ ಆಳ್ವಿಕೆಯನ್ನು 1552ರಿಂದ 1606ರವರೆಗೆ ಎಂದು ಗುರುತಿಸಲಾಗುತ್ತದೆ. ಎಂದರೆ ಐವತ್ತನಾಲ್ಕು ವರ್ಷ. ಈ ನಾಡಿನ ಚರಿತ್ರೆಯಲ್ಲಿ ಹೆಣ್ಣುಮಗಳೊಬ್ಬಳು ಅಷ್ಟು ದೀರ್ಘಕಾಲ ಸಿಂಹಾಸನದಲ್ಲಿದ್ದ ಇನ್ನೊಂದು ನಿದರ್ಶನ ಸಿಗುವುದು ಕಷ್ಟ. ಆ ಅವಧಿಯಲ್ಲೇ, 1565ರಲ್ಲಿ, ಗೇರುಸೊಪ್ಪೆಗೆ ಮೇಲರಸಾಗಿದ್ದ ವಿಜಯನಗರ ಮುರಿದುಬಿತ್ತು. ಅದಾದ ಕೆಲವೇ ವರ್ಷಗಳಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ವಶವಾಯಿತು. ಘಟ್ಟದ ಮೇಲೆ ಕೆಳದಿಯ ನಾಯಕರು ಬಲಿಯುತ್ತ ಕರಾವಳಿಯ ಕಡೆಗೆ ಕಣ್ಣುಹಾಯಿಸತೊಡಗಿದರು. ಪೋರ್ಚುಗೀಸರು ಆಕೆಗೆ ಕೊಟ್ಟ 'ರೈನ್ಹಾ ದ ಪಿಮೆಂಟಾ', ಎಂದರೆ ಕಾಳುಮೆಣಸಿನ ರಾಣಿ ಎಂಬ ಹೆಸರಿನಲ್ಲಿ ಮೆಚ್ಚುಗೆಗಿಂತ ವ್ಯಾಪಾರಿಯ ಲೆಕ್ಕಾಚಾರವೇ ಹೆಚ್ಚು ಇದ್ದೀತು. ಆದರೂ ಅವರು ಆಕೆಯನ್ನು ಗುರುತಿಸಿದ್ದು ಆಕೆಯ ಕೈಯಲ್ಲಿದ್ದ ಸರಕಿನಿಂದ, ಸಂಬಂಧಗಳಿಂದಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಸಂಬಂಧದ ಕಥೆ ಬರಹಕ್ಕೆ ಇಳಿದದ್ದು ರಾಜ್ಯ ಬಿದ್ದ ಹದಿನೇಳು ವರ್ಷಗಳ ಮೇಲೆ, ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಶ್ರೀಮಂತ ಪ್ರವಾಸಿಯ ಕೈಯಲ್ಲಿ. ಈತನ ಬದುಕೇ ಒಂದು ರೊಮ್ಯಾನ್ಸಿನಂತೆ ಸಾಗಿದ್ದೆಂಬುದು ಇಲ್ಲಿ ಅಪ್ರಸ್ತುತವಲ್ಲ. ಪ್ರೇಮಭಂಗದ ಬೇಸರದಲ್ಲಿ 1614ರಲ್ಲಿ ವೆನಿಸ್ ಬಿಟ್ಟು ಪೂರ್ವದೇಶಗಳಿಗೆ ಹೊರಟ ಈತ, ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಹೆಣ್ಣನ್ನು ಮೆಚ್ಚಿ ಮದುವೆಯಾದ. 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ಆಕೆ ತೀರಿಕೊಂಡಾಗ ಶವವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತಕ್ಕೂ ತಂದು, ಕೊನೆಗೆ 1627ರಲ್ಲಿ ರೋಮಿನ ಚರ್ಚೊಂದರಲ್ಲಿ ಸಮಾಧಿ ಮಾಡಿದ. ಇಂಥ ಮನುಷ್ಯ 1623ರಲ್ಲಿ ಗೋವೆಯಿಂದ ಹೊನ್ನಾವರಕ್ಕೆ, ಅಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲ್ಮುಖವಾಗಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟವೇರಿ ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಪಯಣಿಸಿದ. ಗೇರುಸೊಪ್ಪೆಯ ಅರಮನೆಯೂ ನಗರವೂ ಅಷ್ಟರಲ್ಲೇ ಬಿದ್ದುಹೋಗಿ ಗಿಡಮರಗಳ ಪಾಲಾಗಿದ್ದುದನ್ನು ಆತ ಕಂಡ. ನೇಪಲ್ಸಿನ ಗೆಳೆಯನಿಗೆ ಇಟಾಲಿಯನ್ನಿನಲ್ಲಿ ಬರೆದ ಪತ್ರಗಳಲ್ಲಿ ಅವನ್ನೆಲ್ಲ ವಿವರಿಸುತ್ತ, ಆ ನಾಶದ ಕಾರಣವನ್ನೂ ತಿಳಿಸಿದ.

ಆತ ಹೇಳುವ ಕಾರಣ ಇದು: ಗೇರುಸೊಪ್ಪೆಯ ಕೊನೆಯ ರಾಣಿ ಕೀಳು ಮೂಲದ ಪರಸ್ಥಳದವನೊಬ್ಬನನ್ನು ಮೋಹಿಸಿ, ತನ್ನನ್ನೂ ರಾಜ್ಯವನ್ನೂ ಅವನ ಕೈಗೆ ಒಪ್ಪಿಸಿದಳು, ಆತ ಉಪಕಾರ ಸ್ಮರಿಸದೆ ದೊಡ್ಡ ದೊಡ್ಡ ಸಾಮಂತರನ್ನು ತನ್ನ ಕಡೆ ಮಾಡಿಕೊಂಡು ದಂಗೆಯೆದ್ದ, ರಾಣಿ ಪೋರ್ಚುಗೀಸರ ಮೊರೆಹೊಕ್ಕಳು, ಅವರ ನೆರವು ತಡವಾಗಿಯೂ ಅರೆಮನಸ್ಸಿನದಾಗಿಯೂ ಬಂತು, ಇತ್ತ ದ್ರೋಹಿ ವೆಂಕಟಪ್ಪ ನಾಯಕನನ್ನು ಕರೆಸಿಕೊಂಡ, ವೆಂಕಟಪ್ಪ ಬಂದು ಗೆದ್ದು, ಕರೆಸಿದವನನ್ನೇ ಕೊಂದು, ನಗರವನ್ನು ಹಾಳುಗೆಡವಿ, ರಾಣಿಯನ್ನು ತನ್ನ ಆಸ್ಥಾನಕ್ಕೆ ಸೆರೆಯಾಗಿ ಒಯ್ದ, ಆಕೆ ಅಲ್ಲಿಯೇ, ಮರ್ಯಾದೆಗೆ ಕುಂದಿಲ್ಲದ ಬಂಧನದಲ್ಲಿ, ಕಾಲವಾದಳು. ಈ ವೃತ್ತಾಂತದಲ್ಲಿ ರಾಣಿಯ ಹೆಸರಿಲ್ಲ. ಆಕೆ ಚೆನ್ನಭೈರಾದೇವಿಯೇ ಎಂದು ಸಾಮಾನ್ಯವಾಗಿ ಗುರುತಿಸಿಕೊಂಡು ಬರಲಾಗಿದೆ.

ರೊಮ್ಯಾನ್ಸಿನ ನಾಲ್ಕು ಅರ್ಥಗಳೂ ಇಷ್ಟು ಸಾಲುಗಳಲ್ಲಿ ಒಟ್ಟಿಗೆ ಸೇರಿವೆ. ಹೇಳಿದ ಭಾಷೆ ರೊಮಾನ್ಸ್, ಹೇಳಿದ ಬಗೆ ಮೋಹ, ದ್ರೋಹ, ದಂಡನೆ ಎಂಬ ಮೂರು ಹೆಜ್ಜೆಗಳ ಪಳಗಿದ ಕಥೆಯದು, ವಸ್ತು ಪ್ರೇಮ, ಅದರಲ್ಲಿ ಎಷ್ಟು ಪಾಲು ಕಟ್ಟುಕಥೆ ಎಂಬ ಪ್ರಶ್ನೆ ಮಾತ್ರ ಓದುಗನಿಗೆ ಉಳಿದದ್ದು. ಆ ಪ್ರಶ್ನೆಯನ್ನು ಕೇಳುವಾಗ ಈ ಪ್ರವಾಸಿ ಯಾರ ಜೊತೆ ಪಯಣಿಸುತ್ತಿದ್ದ ಎಂಬುದನ್ನು ಮೊದಲು ಗಮನಿಸಬೇಕು. ಗೋವೆಯಿಂದ ವೆಂಕಟಪ್ಪನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ತಂಡದಲ್ಲಿ ಆತ ಇದ್ದ. ಅದೇ ದಾರಿಯಲ್ಲಿ ವೆಂಕಟಪ್ಪನ ಸ್ವಂತ ರಾಯಭಾರಿಯೂ ಊರಿಗೆ ಮರಳುತ್ತಿದ್ದ. ಎಂದರೆ ರಾಣಿಯನ್ನು ಸಮಯಕ್ಕೆ ಕೈಹಿಡಿಯದವರು ಒಂದು ಬದಿಗೆ, ಆಕೆಯ ರಾಜ್ಯವನ್ನು ನುಂಗಿದವರು ಇನ್ನೊಂದು ಬದಿಗೆ. ರಾಜ್ಯ ಹಾಳಾದದ್ದು ಹೆಣ್ಣೊಬ್ಬಳ ಮೋಹದಿಂದ ಎಂಬ ವಿವರಣೆ ಇಬ್ಬರಿಗೂ ಅನುಕೂಲವಾದದ್ದು: ಮೊದಲನೆಯವರ ಉದಾಸೀನ ಕಥೆಯ ನಡುವಿನ ಒಂದು ಸಣ್ಣ ಉಪವಾಕ್ಯವಾಗಿ ಅಡಗುತ್ತದೆ, ಎರಡನೆಯವರ ದಂಡಯಾತ್ರೆ ದ್ರೋಹಿಗೆ ವಿಧಿಸಿದ ಶಿಕ್ಷೆಯಾಗಿ ಮಾರ್ಪಡುತ್ತದೆ. ರಾಯಭಾರದ ವಿಷಯಗಳಲ್ಲಿ ಕಾಳುಮೆಣಸಿನ ವ್ಯವಹಾರವೂ ಒಂದಾಗಿತ್ತು. ಹಿಂದೆ ರಾಣಿಯ ದೋಣಿಗಳಲ್ಲಿ ಇಳಿಯುತ್ತಿದ್ದ ಸರಕನ್ನು ಈಗ ವೆಂಕಟಪ್ಪ ಮಾರುತ್ತಿದ್ದ, ಅದೇ ಪೋರ್ಚುಗೀಸರು ಕೊಳ್ಳುತ್ತಿದ್ದರು. ವಿಜಯನಗರದ ಆಸರೆ ತಪ್ಪಿದ ಸಣ್ಣ ಕರಾವಳಿ ರಾಜ್ಯವೊಂದು, ಬಂದರನ್ನು ಹಿಡಿದವನಿಗೂ ಘಟ್ಟವನ್ನು ಹಿಡಿದವನಿಗೂ ನಡುವೆ ಸಿಕ್ಕಿ ಎಷ್ಟು ಕಾಲ ಬಾಳೀತು ಎಂಬುದೇ ಚರಿತ್ರೆ ಕೇಳಬೇಕಾದ ಪ್ರಶ್ನೆ. ಮೋಹದ ಕಥೆ ಆ ಪ್ರಶ್ನೆ ಹುಟ್ಟದಂತೆಯೇ ನೋಡಿಕೊಳ್ಳುತ್ತದೆ.

ದೆಲ್ಲಾ ವಾಲ್ಲೆಯ ವೃತ್ತಾಂತದಲ್ಲಿಯೇ ಇನ್ನೊಂದು ಓದಿಗೆ ಬೇಕಾದ ಸುಳಿವೂ ಇದೆ. ಈ ಸೀಮೆಗಳಲ್ಲಿ ಇಂಥ ರಾಣಿಯರು ತಮಗೆ ಬೇಕಾದ ಸಂಗಾತಿಯನ್ನು ಆರಿಸಿಕೊಳ್ಳುವುದು ನ್ಯಾಯವೇ ಎಂದೂ, ಆ ಕಾರಣಕ್ಕೆ ಆಕೆಯ ಮಾನಕ್ಕೆ ಧಕ್ಕೆಯಿಲ್ಲವೆಂದೂ, ಜನ ದೂಷಿಸಿದ್ದು ಆತನ ಕುಲ ಕೀಳೆಂಬುದಕ್ಕೆ ಎಂದೂ ಆತ ಪ್ರಾಮಾಣಿಕವಾಗಿ ದಾಖಲಿಸುತ್ತಾನೆ. ಕರಾವಳಿಯ ದಕ್ಷಿಣ ಭಾಗದ ಜೈನ ಅರಸುಮನೆಗಳಲ್ಲಿ ಅಳಿಯಸಂತಾನ, ಎಂದರೆ ಆಸ್ತಿಯೂ ಅಧಿಕಾರವೂ ತಂದೆಯಿಂದ ಮಗನಿಗೆ ಬಾರದೆ ಹೆಣ್ಣಿನ ಕವಲಿನಲ್ಲಿ ಇಳಿದುಬರುವ ಕಟ್ಟಳೆ, ನಡೆದುಕೊಂಡು ಬಂದಿತ್ತು. ಅಂಥ ಕಟ್ಟಳೆಯಲ್ಲಿ ರಾಣಿಯ ಸಂಗಾತಿ ರಾಜನಲ್ಲ. ರಾಜ್ಯದ ಮೇಲೆ ಅವನಿಗೆ ಹಕ್ಕಿಲ್ಲ. ಗೇರುಸೊಪ್ಪೆಯಲ್ಲೂ ಇದನ್ನು ಹೋಲುವ ವ್ಯವಸ್ಥೆಯಿದ್ದ ಪಕ್ಷದಲ್ಲಿ, ಯುರೋಪಿನ ಪ್ರವಾಸಿ ಪ್ರಿಯಕರನ ಕೃತಘ್ನತೆ ಎಂದು ಬಗೆದದ್ದು ವಾಸ್ತವದಲ್ಲಿ ಹಕ್ಕಿಲ್ಲದವನು ಸಾಮಂತರ ಬಲದಿಂದ ಹಕ್ಕು ಸ್ಥಾಪಿಸಹೊರಟ ಉತ್ತರಾಧಿಕಾರದ ಜಗಳವಾಗಿರಬಹುದು. ಸಾಮಂತರು ಅವನ ಹಿಂದೆ ಹೋದರೆಂಬ ಮಾತು ಈ ಊಹೆಗೆ ಪುಷ್ಟಿ ಕೊಡುತ್ತದೆ, ಏಕೆಂದರೆ ರಾಣಿ ಯಾರನ್ನು ಮೆಚ್ಚಿದಳೆಂಬ ಕಾರಣಕ್ಕೆ ಪಾಳೆಯಗಾರರು ಪಕ್ಷ ಬದಲಿಸುವುದಿಲ್ಲ. ಭೂಮಿ, ಸುಂಕ, ಮುಂದಿನ ಅರಸನ ಬಳಿ ಸಿಗಬಹುದಾದ ಸ್ಥಾನ ಇವುಗಳಿಗಾಗಿ ಬದಲಿಸುತ್ತಾರೆ.

ಇದೇ ಪ್ರವಾಸಿ ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣಕ್ಕಿಳಿದು ಉಳ್ಳಾಲದ ಅರಸಿಯನ್ನು ಕಣ್ಣಾರೆ ಕಂಡದ್ದುಂಟು, ಆ ಪತ್ರವನ್ನು ಗೇರುಸೊಪ್ಪೆಯ ಪತ್ರದ ಪಕ್ಕದಲ್ಲಿಟ್ಟು ಓದಬೇಕು. ಮಣೇಲ್ ಎಂಬಲ್ಲಿ ಆಕೆ ಆತನಿಗೆ ಎದುರಾದದ್ದು ಅರಮನೆಯ ಒಳಗಲ್ಲ, ದಾರಿಯಲ್ಲಿ. ಹೊಸದಾಗಿ ತೋಡಿಸುತ್ತಿದ್ದ ಕಾಲುವೆಗಳ ಕೆಲಸದ ಉಸ್ತುವಾರಿಗೆ ಹೋಗಿದ್ದ ಹೊತ್ತಿನಲ್ಲಿ. ಬರಿಗಾಲು, ಸೊಂಟಕ್ಕೆ ಸುತ್ತಿದ ಒರಟು ಹತ್ತಿಬಟ್ಟೆ, ತಲೆಯಿಂದ ಇಳಿಬಿಟ್ಟ ಇನ್ನೊಂದು ತೆಳುಬಟ್ಟೆ, ಮೇಲೆ ಹಿಡಿದ ತಾಳೆಗರಿಯ ಕೊಡೆ: ಇಷ್ಟನ್ನೂ ಆತ ಬಿಡದೆ ಬರೆದಿದ್ದಾನೆ. ನೋಟಕ್ಕೆ ಅಡುಗೆಮನೆಯ ಆಳಿನಂತಿದ್ದಾಳೆಂಬ ಅವನ ಮಾತಿನಲ್ಲಿ ಬಣ್ಣದ, ವೇಷದ ಬಗೆಗಿನ ಯುರೋಪಿನ ತಾತ್ಸಾರವಿದ್ದರೂ, ಆಕೆ ಬಾಯಿಬಿಟ್ಟಾಗ ಕೇಳಿದ್ದು ವಿವೇಕವಂತೆಯ ಮಾತು ಎಂಬುದನ್ನು ಆತ ಮರೆಮಾಚಿಲ್ಲ. ಈ ಅರಸಿಯ ಹೆಸರನ್ನೂ ತನಗೆ ಕೇಳಿಸಿದಂತೆ ದಾಖಲಿಸಿದ್ದಾನೆ. ಅಬ್ಬಕ್ಕದೇವಿ ಚೌಟ ಎಂದು ಅದನ್ನು ಈಗ ಓದಲಾಗುತ್ತದೆ. ಕಂಡ ರಾಣಿಗೆ ಹೆಸರಿದೆ, ಕೆಲಸವಿದೆ, ಕಾಲಿಗೆ ಮೆತ್ತಿದ ನೆಲವಿದೆ; ಬರಿದೆ ಕೇಳಿದ ರಾಣಿಗೆ ಪ್ರಿಯಕರನಿದ್ದಾನೆ, ಹೆಸರಿಲ್ಲ. ಬರೆದವನು ಒಬ್ಬನೇ, ಕಾಲ ಒಂದೇ, ಕರಾವಳಿ ಒಂದೇ. ಎರಡು ಚಿತ್ರಗಳ ಅಂತರಕ್ಕೆ ಕಾರಣ ಒಂದು ಕಣ್ಣಿನ ಸಾಕ್ಷ್ಯ, ಇನ್ನೊಂದು ಕೈಯಿಂದ ಕೈಗೆ ಸವೆದು ನುಣುಪಾದ ಕಥೆ ಎಂಬುದಲ್ಲದೆ ಬೇರೇನೂ ಆಗಿರಲಾರದು.

ಆ ಕಥೆ ಎಷ್ಟು ಪಳಗಿದ್ದೆಂಬುದಕ್ಕೆ ಕೆಳದಿ ರಾಜ್ಯದ ಅಂತ್ಯವೇ ಸಾಕ್ಷಿ. ಗೇರುಸೊಪ್ಪೆಯನ್ನು ನುಂಗಿದ ಈ ಮನೆತನ ತಾನೂ 1763ರಲ್ಲಿ ಹೈದರಾಲಿಯ ಕೈಗೆ ರಾಜಧಾನಿ ಬಿದನೂರನ್ನು ಕಳೆದುಕೊಂಡಾಗ, ಪಟ್ಟದಲ್ಲಿದ್ದವಳು ರಾಣಿ ವೀರಮ್ಮಾಜಿ. ಆ ಪತನಕ್ಕೂ ಹೇಳಲಾದ ಕಾರಣ ರಾಣಿಯ ಅಕ್ರಮ ಸಂಬಂಧ. ಮಾಸ್ತಿಯವರ 'ಚೆನ್ನಬಸವನಾಯಕ' ಕಾದಂಬರಿ ಎತ್ತಿಕೊಂಡದ್ದೂ ಅದೇ ವಸ್ತುವನ್ನು. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಆಳಿದ ಇಬ್ಬರು ರಾಣಿಯರ ಸೋಲಿಗೆ ಒಂದೇ ಕಥೆ ಒದಗಿಬಂತೆಂದ ಮಾತ್ರಕ್ಕೆ ಅದು ಎರಡು ಕಡೆಯೂ ಸುಳ್ಳೆಂದು ಹೇಳುವಂತಿಲ್ಲ. ಮನುಷ್ಯರು ಮೋಹಗೊಳ್ಳುತ್ತಾರೆ, ರಾಣಿಯರೂ ಮನುಷ್ಯರೇ. ಆದರೆ ಅಚ್ಚು ಒಂದೇ ಎಂದು ಕಂಡಮೇಲೆ ರುಜುವಾತಿನ ಹೊಣೆ ಕಥೆ ಹೇಳುವವರ ಮೇಲೆ ಬೀಳಬೇಕು. 1565ರಲ್ಲಿ ವಿಜಯನಗರ ಸೋತದ್ದಕ್ಕೆ ಅಳಿಯ ರಾಮರಾಯನ ಅಂತಃಪುರವನ್ನು ಯಾವ ಚರಿತ್ರಕಾರನೂ ಹೊಣೆ ಮಾಡುವುದಿಲ್ಲ. ಅವನ ರಾಜತಂತ್ರವನ್ನು, ಸುಲ್ತಾನರ ಒಕ್ಕೂಟವನ್ನು, ಸೇನೆಯೊಳಗಿನ ಪಕ್ಷಾಂತರವನ್ನು ಚರ್ಚಿಸುತ್ತಾನೆ. ಗಂಡು ಸೋತರೆ ರಾಜಕಾರಣ, ಹೆಣ್ಣು ಸೋತರೆ ರೊಮ್ಯಾನ್ಸ್ ಎಂಬ ಈ ಭೇದವನ್ನು ಒಪ್ಪಿಕೊಂಡು ಬರೆದ ಚರಿತ್ರೆ ಅರ್ಧ ಚರಿತ್ರೆ ಮಾತ್ರ.

ಇದಕ್ಕೆ ಪ್ರತಿಯಾಗಿ ಇತ್ತೀಚಿನ ದಶಕಗಳಲ್ಲಿ ಬೆಳೆದುಬಂದಿರುವ ಇನ್ನೊಂದು ಚಿತ್ರವಿದೆ. ಭಾಷಣಗಳಲ್ಲಿ, ಪ್ರವಾಸೋದ್ಯಮದ ಬರಹಗಳಲ್ಲಿ ಕಾಣುವ ಚೆನ್ನಭೈರಾದೇವಿ ಕುದುರೆಯೇರಿ ಖಡ್ಗ ಹಿಡಿದ, ಪರಂಗಿಯರನ್ನು ಬಗ್ಗುಬಡಿದ, ಪ್ರೇಮದ ಸೋಂಕೂ ಇಲ್ಲದ ವೀರವನಿತೆ. ಅಪವಾದವನ್ನು ತೊಡೆದುಹಾಕುವ ಈ ಹಂಬಲದ ಹಿಂದಿನ ಅಭಿಮಾನವನ್ನು ಗೌರವಿಸಬೇಕು, ಏಕೆಂದರೆ ದೀರ್ಘಕಾಲ ಪಠ್ಯಗಳಲ್ಲಿ ಒಂದು ಸಾಲಿನ ಜಾಗವೂ ಸಿಗದ ಅರಸಿಗೆ ಅದು ಒಂದಿಷ್ಟು ನ್ಯಾಯ ದೊರಕಿಸಿದೆ. ಆದರೆ ವಿಚಾರ ಮಾಡಿದರೆ ಇದೂ ರೊಮ್ಯಾನ್ಸೇ. ಪದದ ಕೊನೆಯ ಅರ್ಥವನ್ನು ಬಿಟ್ಟು ಹಿಂದಿನ ಅರ್ಥಕ್ಕೆ, ಪ್ರಣಯಕಥೆಯಿಂದ ಸಾಹಸಕಥೆಗೆ, ಹೊರಳಿದ್ದಷ್ಟೇ ಇಲ್ಲಿ ನಡೆದ ಬದಲಾವಣೆ. ಪೋರ್ಚುಗೀಸರೊಡನೆ ಆಕೆಗೆ ಹಗೆಯೂ ಇತ್ತು, ವ್ಯಾಪಾರವೂ ಇತ್ತು. ಕೊಳ್ಳುವವರೇ ಕೋಟೆ ಕಟ್ಟಿ ಬಂದರಿನ ಬಾಯಲ್ಲಿ ಕೂತಿರುವಾಗ ಮೆಣಸು ಬೆಳೆಯುವ ಸೀಮೆಯ ಅರಸಿಗೆ ಎರಡೂ ಅನಿವಾರ್ಯ. ಖಡ್ಗದ ಚಿತ್ರದಲ್ಲಿ ಆ ಚೌಕಾಸಿಗೆ, ಒಪ್ಪಂದಕ್ಕೆ, ಒಬ್ಬರ ಮೇಲೊಬ್ಬರನ್ನು ತೂಗಿನೋಡುವ ಜಾಣ್ಮೆಗೆ ಎಡೆಯಿಲ್ಲ. ಅರ್ಧ ಶತಮಾನ ಆಳಿಸಿದ್ದು ಬಹುಪಾಲು ಆ ಜಾಣ್ಮೆಯೇ ಇದ್ದೀತು. ಆಕೆ ಯಾರನ್ನೂ ಪ್ರೀತಿಸಲೇ ಇಲ್ಲ ಎಂದು ಸಾಧಿಸಹೊರಡುವುದರಲ್ಲೂ ಒಂದು ದೋಷವಿದೆ: ಪ್ರೀತಿಸಿದ್ದರೆ ಆಕೆಯ ಹಿರಿಮೆ ಕುಗ್ಗುತ್ತಿತ್ತೆಂಬ, ಅಪವಾದ ಹೊರಿಸಿದವರದೇ ಆದ ತೀರ್ಮಾನವನ್ನು ಅದು ಮರುಮಾತಿಲ್ಲದೆ ಒಪ್ಪಿಕೊಂಡಂತಾಗುತ್ತದೆ.

ಹಾಗೆಂದು ರೊಮ್ಯಾನ್ಸ್ ಎಂಬ ಕಥನಪ್ರಕಾರವನ್ನೇ ಹೀಗಳೆಯುವುದು ತಪ್ಪು. ಹೊನ್ನಾವರ, ಕುಮಟಾ ಸೀಮೆಯ ಬಯಲಾಟದ ರಂಗಕ್ಕೆ ಅದು ಹೊಸದೇನಲ್ಲ. ಲಕ್ಷ್ಮೀಶನ 'ಜೈಮಿನಿ ಭಾರತ'ದಿಂದ ಯಕ್ಷಗಾನಕ್ಕೆ ಬಂದ ಚಂದ್ರಹಾಸನ ಪ್ರಸಂಗವನ್ನೇ ನೋಡಿದರೆ, ಅನಾಥ ಬಾಲಕ, ಕಾಡಿನಲ್ಲಿ ಕೊಲ್ಲಲು ಹೋದವರ ಕರುಣೆ, ಸಾವಿನ ಪತ್ರವನ್ನು ತಾನೇ ಹೊತ್ತು ಸಾಗುವ ತರುಣ, ಉದ್ಯಾನದ ನಿದ್ದೆ, ಎಲ್ಲವೂ ಯುರೋಪಿನ ಯಾವ ರೊಮ್ಯಾನ್ಸಿಗೂ ಸಾಟಿಯಾಗುವಂಥವು. ಮಲಗಿದ್ದ ಚಂದ್ರಹಾಸನ ಬಳಿಯಿದ್ದ ಪತ್ರವನ್ನು ಬಿಡಿಸಿ ಓದಿದ ವಿಷಯೆ, ವಿಷ ಕೊಡೆಂದು ತನ್ನ ತಂದೆ, ಮಂತ್ರಿ ದುಷ್ಟಬುದ್ಧಿ ಬರೆದ ಮಾತನ್ನು ಒಂದೇ ಅಕ್ಷರದ ತಿದ್ದುಪಡಿಯಿಂದ ವಿಷಯೆಯನ್ನೇ ಕೊಡೆಂಬ ಮಾತಾಗಿಸುತ್ತಾಳೆ. ಮಂತ್ರಿಯ ಸಂಚನ್ನು ಮುರಿಯುವ ಕೈ ಇಲ್ಲಿ ಮೋಹಗೊಂಡ ಹೆಣ್ಣಿನದೇ; ಆಕೆಯ ಮೋಹ ರಾಜ್ಯವನ್ನು ಕೆಡಿಸುವುದಿಲ್ಲ, ಉಳಿಸುತ್ತದೆ. ದುಷ್ಟಬುದ್ಧಿಯ ಪಾತ್ರಕ್ಕೆ ಹೆಸರಾಗಿದ್ದವರು ಇದೇ ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆ. ಅವರ ದುಷ್ಟಬುದ್ಧಿಯನ್ನು ನೋಡಲು ಬೆಳಗಿನವರೆಗೆ ಕೂತ ಪ್ರೇಕ್ಷಕರು ಕಥೆಯ ಕುಂತಳಪುರ ಎಲ್ಲಿದೆಯೆಂದು ಕೇಳಿದವರಲ್ಲ. ಕಥೆಯೆಂದು ತಿಳಿದೇ ಕೂತವರು ಅವರು, ಆ ತಿಳಿವಳಿಕೆಯಿಂದಲೇ ಕಥೆ ಅವರಿಗೆ ನಿಜವಾಗುತ್ತಿತ್ತು. ಗೇರುಸೊಪ್ಪೆಯ ವೃತ್ತಾಂತಕ್ಕೆ ಒದಗಿದ ಹಾನಿ ಅದು ಕಥೆಯ ರೂಪ ತಳೆದದ್ದರಿಂದ ಬಂದದ್ದಲ್ಲ. ಅದು ಕಥೆ ಎಂಬ ಅರಿವನ್ನು ಯಾರೂ ಅದರ ಜೊತೆಗೆ ದಾಟಿಸಲಿಲ್ಲ.

ಕನ್ನಡದಲ್ಲಿ ಗದ್ಯಕಥನಕ್ಕೆ ಕಾದಂಬರಿ ಎಂಬ ಹೆಸರು ಬಂದದ್ದು ಬಾಣಭಟ್ಟನ ಪ್ರಣಯಕಥೆಯಿಂದ, ನಾಗವರ್ಮ ಅದನ್ನು ಕನ್ನಡಕ್ಕೆ ತಂದು ಸಾವಿರ ವರ್ಷವಾಗಿದೆ. ಹೆಸರಿನಲ್ಲೇ ರೊಮ್ಯಾನ್ಸನ್ನು ಹೊತ್ತ ಈ ಪ್ರಕಾರ ಚರಿತ್ರೆಯ ಅರಸಿಯರನ್ನು ಮುಟ್ಟುವಾಗ ಒಲವಿನ ಕಡೆಗೆ ಜಾರುವುದು ಸಹಜವೇ. ಆದರೂ ಗೇರುಸೊಪ್ಪೆಯ ಮಟ್ಟಿಗೆ ಬರೆಯಬೇಕೆನ್ನುವವನ ಎದುರು ಇರುವ ಸಾಮಗ್ರಿ ಒಲವೊಂದೇ ಅಲ್ಲ. ನಗರಬಸ್ತಿಕೇರಿಯಲ್ಲಿ ನಾಲ್ಕೂ ದಿಕ್ಕಿಗೆ ಬಾಗಿಲು ತೆರೆದ ಚತುರ್ಮುಖ ಬಸದಿ ನಿಂತಿದೆ. ಸುತ್ತಲಿನ ಬಸದಿಗಳ ದಾನಶಾಸನಗಳಲ್ಲಿ ವ್ಯಾಪಾರಿಗಳ, ಅವರ ಮನೆಯ ಹೆಣ್ಣುಮಕ್ಕಳ ಹೆಸರುಗಳಿವೆ. ರಾಣಿ ಪಟ್ಟ ಕಳೆದುಕೊಳ್ಳುವ ಎರಡೇ ವರ್ಷ ಮೊದಲು, 1604ರಲ್ಲಿ, ಭಟ್ಕಳದ ಹಾಡುವಳ್ಳಿಯ ಮಠಕ್ಕೆ ಸೇರಿದ ಭಟ್ಟಾಕಳಂಕದೇವ 'ಕರ್ಣಾಟಕ ಶಬ್ದಾನುಶಾಸನ'ವೆಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದು ಮುಗಿಸಿದ. ಪಂಡಿತರ ಭಾಷೆಯಲ್ಲಿ ಕುಳಿತು ನಾಡನುಡಿಯ ಘನತೆಯನ್ನು ಎತ್ತಿಹಿಡಿದ ಕೃತಿಯದು. ವೆಂಕಟಪ್ಪನ ಸೈನ್ಯ ಬರುವ ಹೊತ್ತಿಗೆ ಹೊನ್ನಾವರ, ಕುಮಟಾ, ಭಟ್ಕಳ ತಾಲ್ಲೂಕುಗಳ ನೆಲದಲ್ಲಿ ವ್ಯಾಕರಣ ಬರೆಯುವ ವಿದ್ವಾಂಸರಿದ್ದರು, ಬಸದಿಗೆ ಭೂಮಿ ಬಿಡುವ ಸೆಟ್ಟಿಗಳಿದ್ದರು, ಘಟ್ಟದಿಂದ ಮೆಣಸು ಇಳಿಸುವ ಹೇರಾಳುಗಳಿದ್ದರು, ಅವರೆಲ್ಲರ ಸುಂಕ, ವ್ಯಾಜ್ಯ, ರಕ್ಷಣೆಗಳ ಹೊಣೆ ಐದು ದಶಕಗಳಿಂದ ಒಬ್ಬ ಹೆಂಗಸಿನ ಮೇಲಿತ್ತು. ಬರೆಯುವವನು ಇವರಲ್ಲಿ ಯಾರಿಂದ ಬೇಕಾದರೂ ಕಥೆಯನ್ನು ಆರಂಭಿಸಬಹುದು. ದೆಲ್ಲಾ ವಾಲ್ಲೆ ಆರಂಭಿಸಿದಲ್ಲಿಂದಲೇ ಆರಂಭಿಸಬೇಕೆಂಬ ಕಟ್ಟುಪಾಡೇನೂ ಇಲ್ಲ.